ಬಿಡದ ಬ್ರೇಕು ಹಿಡಿಯಲಿಲ್ಲ: ಆಗುಂಬೆ ಘಾಟಿಯ ಒಂದು ಪ್ರಕರಣ

ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ತೀರ್ಥಹಳ್ಳಿಯ ನನ್ನ ಗ್ಯಾರೇಜಿನ ಮುಂದೆ ಗೂಡ್ಸ್ ಆಟೊ ಬಂದು ನಿಂತಿತು. ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದ 150 ಸಿಸಿ ಬೈಕು. ಅದರ ಎಡ ಫುಟ್‌ರೆಸ್ಟ್ ಬಾಗಿತ್ತು, ಕ್ರ್ಯಾಶ್ ಗಾರ್ಡಿಗೆ ಕೆಮ್ಮಣ್ಣು ಮೆತ್ತಿತ್ತು. ಗಾಡಿಯ ಯಜಮಾನರು ಐವತ್ತೈದರ ಆಸುಪಾಸಿನವರು, ಜೇನಿನ ವ್ಯಾಪಾರಿ. ಹಳ್ಳಿಗಳಲ್ಲಿ ಜೇನುತುಪ್ಪ ಕೊಂಡು, ತಲಾ 20 ಕೆಜಿ ತೂಗುವ ಎರಡು ಕ್ಯಾನುಗಳನ್ನು ಹಿಂದೆ ಜೋಡಿಸಿಕೊಂಡು ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಹೆಬ್ರಿ, ಉಡುಪಿ ಕಡೆಗೆ ಹೋಗಿಬರುತ್ತಾರೆ.

ಹಿಂದಿನ ದಿನ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಎಂಟನೆಯದಕ್ಕೆ ಬಂದಾಗ ಮುಂದಿನ ಬ್ರೇಕ್ ಲಿವರ್ ಹ್ಯಾಂಡಲಿಗೆ ಹೋಗಿ ತಾಗಿದೆ. ಬ್ರೇಕ್ ಹಿಡಿದಿಲ್ಲ. ಕಣಿವೆ ಕಡೆಗೆ ಹೋಗುವ ಬದಲು ಗುಡ್ಡದ ಬದಿಯ ಚರಂಡಿಗೆ ಗಾಡಿ ಇಳಿಸಿ ಜೀವ ಉಳಿಸಿಕೊಂಡಿದ್ದಾರೆ. ಮೊಣಕಾಲಿಗೆ ತರಚು ಗಾಯ ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ಆ ಗಾಡಿಗೆ ಅದಕ್ಕೂ ಮುಂಚಿನ ನಾಲ್ಕು ತಿಂಗಳಲ್ಲಿ ಎರಡು ಬಾರಿ ಬ್ರೇಕ್ ಕೆಲಸ ಆಗಿತ್ತು. ಎರಡು ಸಲವೂ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಬದಲಾಯಿಸಿ, ಬ್ರೇಕ್ ಆಯಿಲಿನೊಳಗಿನ ಏರ್ ತೆಗೆದು, "ಸರಿ ಇದೆ" ಎಂದು ಕೊಟ್ಟಿದ್ದರು. ಕೊಡುವಾಗ ನಿಜಕ್ಕೂ ಸರಿಯಾಗಿಯೇ ಇತ್ತು. ನನ್ನ ಗ್ಯಾರೇಜಿನಲ್ಲಿ ಆಟೊದಿಂದ ಇಳಿಸಿ ಲಿವರ್ ಹಿಡಿದಾಗಲೂ ಅದು ಕಲ್ಲಿನಷ್ಟು ಗಟ್ಟಿ! ಘಾಟಿಯಲ್ಲಿ ಕೈಕೊಟ್ಟ ಬ್ರೇಕು ಶೆಡ್ಡಿನಲ್ಲಿ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಇಂಥ ಗಾಡಿಗಳೇ ಅತ್ಯಂತ ಅಪಾಯದವು.

ಮೊದಲು ಕೇಳಿದ ಪ್ರಶ್ನೆಗಳು

ಸ್ಪ್ಯಾನರ್ ಹಿಡಿಯುವ ಮುಂಚೆ ಅವರನ್ನು ಕೂರಿಸಿ, ಚಹಾ ತರಿಸಿ ಕೇಳಿದೆ.

"ಅಣ್ಣಾ, ಲಿವರ್ ಮೆತ್ತಗಾಯ್ತಾ, ಗಟ್ಟಿಯಾಯ್ತಾ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ."

"ಮೆತ್ತಗೆ ಮಾರಾಯ. ಸ್ಪಂಜು ಹಿಂಡಿದ ಹಾಗೆ. ಮೊದಲ ನಾಲ್ಕೈದು ತಿರುವಲ್ಲಿ ಸಮ ಇತ್ತು. ಆಮೇಲೆ ಹಿಡಿದಷ್ಟೂ ಒಳಗೆ ಹೋಗ್ತಾ ಬಂತು."

"ಪಂಪ್ ಮಾಡಿದ್ರಾ?"

"ಮಾಡ್ದೆ. ಮೂರ್ನಾಲ್ಕು ಸಲ. ಏನೂ ಬರ್ಲಿಲ್ಲ."

"ನಿಂತ ಮೇಲೆ?"

"ಅರ್ಧ ಗಂಟೆ ಅಲ್ಲೇ ಕೂತಿದ್ದೆ. ಆಮೇಲೆ ಹಿಡಿದ್ರೆ ಮೊದಲಿನ ಹಾಗೇ ಗಟ್ಟಿ. ನಂಗೇ ಹೆದರಿಕೆ ಆಯ್ತು, ಹತ್ಲಿಕ್ಕೆ ಮನಸ್ಸಾಗ್ಲಿಲ್ಲ."

ಈ ನಾಲ್ಕು ಉತ್ತರಗಳಲ್ಲಿ ಅರ್ಧ ರೋಗ ಗೊತ್ತಾಯಿತು. ಬಿಸಿಯಾದಾಗ ಲಿವರ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ದೋಷ ಪ್ಯಾಡ್ ಮತ್ತು ಡಿಸ್ಕಿನ ನಡುವೆ ಇರುತ್ತದೆ: ಪ್ಯಾಡ್ ಗಾಜಿನಂತೆ ನುಣುಪಾಗಿರುತ್ತದೆ, ಇಲ್ಲವೇ ಎಣ್ಣೆ ತಾಗಿರುತ್ತದೆ. ಬಿಸಿಯಾದಾಗ ಲಿವರ್ ಇನ್ನೂ ಬಿಗಿಯಾಗಿ, ಬಿಟ್ಟರೂ ಚಕ್ರ ತಾನಾಗಿ ಹಿಡಿದುಕೊಂಡರೆ ಮಾಸ್ಟರ್ ಸಿಲಿಂಡರಿನಲ್ಲಿ, ಅಂದರೆ ಲಿವರಿನ ಪಕ್ಕದಲ್ಲಿದ್ದು ಆಯಿಲನ್ನು ತಳ್ಳುವ ಭಾಗದಲ್ಲಿ, ಆಯಿಲ್ ವಾಪಸ್ ಹೋಗುವ ಸಣ್ಣ ರಂಧ್ರ ಮುಚ್ಚಿರುತ್ತದೆ. ನಿಂತಲ್ಲೇ ಲಿವರ್ ಹಿಡಿದುಕೊಂಡಾಗ ಅದು ನಿಧಾನಕ್ಕೆ ಇಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಸವೆದಿರುತ್ತದೆ. ಹಿಡಿದಾಗ ಬೆರಳಿಗೆ ಮಿಡಿತ ಸಿಕ್ಕರೆ ಡಿಸ್ಕನ್ನು ನೋಡಬೇಕು. ಬಿಸಿಯಾದಾಗ ಮಾತ್ರ ಮೆತ್ತಗಾಗಿ, ತಣಿದ ಮೇಲೆ ತಾನಾಗಿ ಗಟ್ಟಿಯಾಗುವುದಕ್ಕೆ ನನಗೆ ಗೊತ್ತಿರುವ ಕಾರಣ ಒಂದೇ: ಕ್ಯಾಲಿಪರಿನೊಳಗೆ, ಅಂದರೆ ಚಕ್ರದ ಬಳಿ ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗದೊಳಗೆ, ಬ್ರೇಕ್ ಆಯಿಲ್ ಕುದಿದಿದೆ.

ಆಯಿಲ್ ದ್ರವವಾಗಿರುವಾಗ ಒತ್ತಿದರೆ ಕುಗ್ಗುವುದಿಲ್ಲ, ಆದ್ದರಿಂದಲೇ ಬೆರಳಿನ ಒತ್ತಡ ಪ್ಯಾಡಿಗೆ ಮುಟ್ಟುತ್ತದೆ. ಕುದಿದು ಆವಿಯಾದರೆ ಆ ಆವಿ ಕುಗ್ಗುತ್ತದೆ, ಒತ್ತಡ ಅಲ್ಲೇ ಮುಗಿದುಹೋಗುತ್ತದೆ. ಎಷ್ಟು ಆವಿ ಬೇಕು ಎಂದು ಲೆಕ್ಕ ಹಾಕಿ ನೋಡಿ. ಈ ಗಾಡಿಯ ಮಾಸ್ಟರ್ ಸಿಲಿಂಡರಿನ ಪಿಸ್ಟನ್ 12.7 ಮಿ.ಮೀ. ವ್ಯಾಸದ್ದು. ಲಿವರನ್ನು ಪೂರ್ತಿ ಹಿಡಿದರೆ ಅದು 10 ಮಿ.ಮೀ. ಆಸುಪಾಸು ಮುಂದೆ ಸರಿಯುತ್ತದೆ. ಅಂದರೆ ಒಂದು ಹಿಡಿತಕ್ಕೆ ತಳ್ಳುವ ಆಯಿಲ್ ಸುಮಾರು 1.3 ಮಿಲಿಲೀಟರ್, ಚಹಾ ಚಮಚದ ಕಾಲು ಭಾಗ. ಅಷ್ಟು ಆವಿ ಸೇರಿದರೆ ಸಾಕು, ಲಿವರ್ ಹ್ಯಾಂಡಲಿಗೆ ತಾಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಲಿವರ್ ಗಟ್ಟಿಯಾಗುತ್ತದೆ, ಸಾಕ್ಷಿಯೇ ಉಳಿಯುವುದಿಲ್ಲ. ಹಿಂದೆ ಎರಡು ಬಾರಿ ನೋಡಿದವರಿಗೆ ಏನೂ ಕಾಣದಿದ್ದುದು ಇದಕ್ಕೇ.

ಕುದಿದದ್ದು ಗೊತ್ತಾಯಿತು, ಸರಿ. ಯಾಕೆ ಕುದಿಯಿತು ಎಂಬುದು ನಿಜವಾದ ಪ್ರಶ್ನೆ. ಇಲ್ಲಿಗೇ ನಿಲ್ಲಿಸಿ ಹೊಸ ಆಯಿಲ್ ಹಾಕಿ ಕಳಿಸಿದ್ದರೆ ನಾನೂ ಮೂರನೇ ಬಾರಿ "ಸರಿ ಇದೆ" ಎಂದವನಾಗುತ್ತಿದ್ದೆ.

ಶಾಖ ಎಲ್ಲಿಂದ ಬಂತು

ಗಾಡಿ 145 ಕೆಜಿ, ಸವಾರರು 70, ಜೇನು 40: ಒಟ್ಟು 255 ಕೆಜಿ. ಆಗುಂಬೆಯಿಂದ ಸೋಮೇಶ್ವರದವರೆಗೆ ಇಳಿತ ಸುಮಾರು ಐನೂರು ಮೀಟರ್. ಇಷ್ಟು ಭಾರವನ್ನು ಇಷ್ಟು ಆಳಕ್ಕೆ ವೇಗ ಹೆಚ್ಚದಂತೆ ಇಳಿಸಬೇಕೆಂದರೆ ಎಲ್ಲೋ ಒಂದು ಕಡೆ ಸುಮಾರು ಹನ್ನೆರಡೂವರೆ ಲಕ್ಷ ಜೌಲ್ ಶಕ್ತಿ ಶಾಖವಾಗಿ ಹೋಗಲೇಬೇಕು. ಒಲೆಯ ಮೇಲಿಟ್ಟ ನಾಲ್ಕು ಲೀಟರ್ ತಣ್ಣೀರು ಕುದಿ ಬರಲು ಬೇಕಾದಷ್ಟು ಶಾಖ ಅದು. ಸ್ವಲ್ಪವನ್ನು ಗಾಳಿ ತಿನ್ನುತ್ತದೆ. ಗೇರಿನಲ್ಲಿದ್ದರೆ ಬಹಳಷ್ಟನ್ನು ಇಂಜಿನ್ ಹೀರಿಕೊಳ್ಳುತ್ತದೆ. ಮಿಕ್ಕಿದ್ದು ಬ್ರೇಕಿನ ಪಾಲು.

"ಯಾವ ಗೇರಲ್ಲಿ ಇಳೀತೀರಿ?" ಎಂದು ಕೇಳಿದೆ. ಅವರು ಸ್ವಲ್ಪ ತಡೆದು ಹೇಳಿದರು: "ಇಳಿಜಾರಲ್ವಾ, ಇಂಜಿನ್ ಆಫ್ ಮಾಡಿ ನ್ಯೂಟ್ರಲಲ್ಲಿ ಬಿಡ್ತೇನೆ. ಪೆಟ್ರೋಲ್ ಉಳೀತದೆ."

ಅವರೊಬ್ಬರೇ ಅಲ್ಲ. ಘಾಟಿ ಕೆಳಗಿನ, ಮೇಲಿನ ಎಷ್ಟೋ ಮಂದಿಯ ಅಭ್ಯಾಸ ಇದು. ಇಡೀ ಇಳಿಜಾರಿನಲ್ಲಿ ಉಳಿಯುವ ಪೆಟ್ರೋಲ್ ಒಂದು ಲೋಟದಷ್ಟೂ ಇರುವುದಿಲ್ಲ. ಆದರೆ ಇಂಜಿನ್ ಹೊರಬೇಕಾದ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಈ ಗಾಡಿಯಲ್ಲಿ ಅದು ಮುಂದಿನ ಬ್ರೇಕೊಂದರ ಮೇಲೇ ಬಿದ್ದಿತ್ತು. ಹಿಂದಿನ ಡ್ರಮ್ ಬ್ರೇಕಿನ ಪೆಡಲನ್ನು ತುಳಿದು ನೋಡಿದೆ: ಪೂರ್ತಿ ಕೆಳಗೆ ಹೋಗುವಷ್ಟು ಆಳ. ಡ್ರಮ್ಮಿನ ಹೊರಗೆ ಲೈನರಿನ (ಡ್ರಮ್ಮಿನೊಳಗೆ ಉಜ್ಜಿ ಹಿಡಿಯುವ ಪಟ್ಟಿ) ಸವೆತ ತೋರಿಸುವ ಬಾಣದ ಗುರುತು ಇರುತ್ತದಲ್ಲ, ಅದು ಮಿತಿ ದಾಟಿ ನಿಂತಿತ್ತು. "ಹಿಂದಿಂದು ಹಿಡಿಯೋದಿಲ್ಲ ಅಂತ ಅದನ್ನ ತುಳಿಯೋದೇ ಬಿಟ್ಟಿದ್ದೆ" ಎಂದರು.

ಇಷ್ಟಕ್ಕೆ ತೃಪ್ತಿಪಟ್ಟು "ಸವಾರರದ್ದೇ ತಪ್ಪು" ಎಂದು ಮುಗಿಸಬಹುದಿತ್ತು. ಆದರೆ ಅವರು ಹತ್ತು ವರ್ಷದಿಂದ ಹಾಗೆಯೇ ಇಳಿಯುತ್ತಿದ್ದಾರೆ. ಅದೇ ಭಾರ, ಅದೇ ಘಾಟಿ. ಆಯಿಲ್ ಕುದಿದದ್ದು ಈಗ. ಇನ್ನೊಂದು ಮಾತನ್ನು ಅವರು ಹೋಗುವ ಹೊತ್ತಿಗೆ ಹೇಳಿದರು: "ಎರಡನೇ ಸಲ ಪ್ಯಾಡ್ ಹಾಕಿದ ಮೇಲೇ ಜಾಸ್ತಿ ಆಗಿದ್ದು. ಮೈಲೇಜೂ ಇಳಿದಿದೆ." ಬ್ರೇಕಿನ ದೂರು ಹೇಳುವವರು ಮೈಲೇಜಿನ ಮಾತು ಎತ್ತಿದರೆ ನಾನು ಕಿವಿ ನೆಟ್ಟಗೆ ಮಾಡುತ್ತೇನೆ.

ಚಕ್ರ ತಿರುಗಿಸಿ ನೋಡಿದ್ದು

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಕೈಯಿಂದ ಒಂದು ತಳ್ಳು ಕೊಟ್ಟೆ. ಸುಮಾರು ಒಂದೂಮುಕ್ಕಾಲು ಸುತ್ತು ಹೋಗಿ ನಿಂತಿತು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಸ್ವಲ್ಪ ಸವರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆಮೇಲೆ ಲಿವರನ್ನು ಹತ್ತು ಬಾರಿ ಬಲವಾಗಿ ಹಿಡಿದು ಬಿಟ್ಟು, ಅದೇ ತಳ್ಳು ಕೊಟ್ಟೆ. ಈ ಸಲ ಅರ್ಧ ಸುತ್ತಿಗೇ ನಿಂತುಬಿಟ್ಟಿತು. ಹಿಡಿದ ಬ್ರೇಕು ಬಿಡುತ್ತಿರಲಿಲ್ಲ.

"ಬ್ರೇಕ್ ಹಿಡಿಯುತ್ತಿಲ್ಲ" ಎಂದು ಬಂದ ಗಾಡಿಯ ರೋಗ "ಬ್ರೇಕ್ ಬಿಡುತ್ತಿಲ್ಲ" ಎಂಬುದಾಗಿತ್ತು. ತೀರ್ಥಹಳ್ಳಿಯಿಂದ ಮೇಗರವಳ್ಳಿ ದಾಟಿ ಆಗುಂಬೆ ಮುಟ್ಟುವ ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿಯುದ್ದಕ್ಕೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಬಂದಿದೆ. ಘಾಟಿಯ ಮೊದಲ ತಿರುವಿಗೆ ಬರುವಾಗಲೇ ಡಿಸ್ಕ್ ಕಾದಿದೆ. ಇದನ್ನು ಖಚಿತ ಮಾಡಿಕೊಳ್ಳಲು ಜಿಟಿಜಿಟಿ ಮಳೆಯಲ್ಲೇ ಗಾಡಿಯನ್ನು ಎರಡು ಕಿಲೋಮೀಟರ್ ಓಡಿಸಿದೆ. ಹೊರಡುವ ಮೊದಲೊಮ್ಮೆ ಹಿಡಿದು ಬಿಟ್ಟದ್ದು ಬಿಟ್ಟರೆ ಮುಂದಿನ ಬ್ರೇಕ್ ಮುಟ್ಟಲಿಲ್ಲ. ವೇಗ ಇಳಿಸಲು ಗೇರನ್ನೇ ಬಳಸಿದೆ. ವಾಪಸ್ ಬಂದು ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಡಿಸ್ಕ್ 92 ಡಿಗ್ರಿ ತೋರಿಸಿತು. ಆ ಉಪಕರಣ ಇಲ್ಲದಿದ್ದರೂ ಪರವಾಗಿಲ್ಲ, ನಾಲ್ಕು ಹನಿ ನೀರು ಚಿಮುಕಿಸಿ. ಬ್ರೇಕ್ ಮುಟ್ಟದೆ ಓಡಿಸಿದ ಗಾಡಿಯ ಡಿಸ್ಕಿನಿಂದ ಹಬೆ ಏಳಬಾರದು. ಬೆರಳಿಟ್ಟು ನೋಡುವ ಸಾಹಸ ಮಾತ್ರ ಬೇಡ.

ಬಿಡದಿರುವುದಕ್ಕೂ ಎರಡು ಬಗೆ. ಒಂದು, ಪೈಪಿನೊಳಗೆ ಒತ್ತಡ ಸಿಕ್ಕಿಕೊಂಡಿರುವುದು. ಇನ್ನೊಂದು, ಒತ್ತಡ ಇಳಿದಿದ್ದರೂ ಕ್ಯಾಲಿಪರಿನ ಭಾಗಗಳು ಹಿಂದೆ ಸರಿಯದಿರುವುದು. ಇವೆರಡನ್ನು ಬೇರೆ ಮಾಡುವ ಪರೀಕ್ಷೆ ಅರ್ಧ ನಿಮಿಷದ್ದು. ಯಾಕೋ ಇದನ್ನು ಮಾಡುವವರು ಬಹಳ ಕಡಿಮೆ. ಲಿವರ್ ಹತ್ತು ಸಲ ಹಿಡಿದು ಬಿಡಿ, ಚಕ್ರ ಬಿಗಿಯಾಗಿದೆಯೆಂದು ನೋಡಿಕೊಳ್ಳಿ, ಆಮೇಲೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲನ್ನು (ಗಾಳಿ, ಹಳೇ ಆಯಿಲ್ ಹೊರಬಿಡುವ ಸಣ್ಣ ತಿರುಪು) ಟ್ಯೂಬ್ ಹಾಕಿ ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಹಗುರಾದರೆ ಒತ್ತಡ ಸಿಕ್ಕಿಕೊಂಡಿತ್ತು ಎಂದರ್ಥ. ಆಗ ಮಾಸ್ಟರ್ ಸಿಲಿಂಡರಿನ ರಂಧ್ರವನ್ನೋ, ಒಳಗಿನ ಪದರ ಎದ್ದು ಒಂದೇ ದಿಕ್ಕಿಗೆ ದಾರಿ ಬಿಡುವ ಹಳೇ ಹೋಸನ್ನೋ ಹುಡುಕಬೇಕು. ಚಕ್ರ ಬಿಗಿಯಾಗಿಯೇ ಉಳಿದರೆ ಕಣ್ಣು ಕ್ಯಾಲಿಪರಿನ ಮೇಲಿರಲಿ.

ನಾನು ಮಾಸ್ಟರ್ ಸಿಲಿಂಡರನ್ನೇ ಅನುಮಾನಿಸಿದ್ದೆ. ಗಾಡಿಗೆ ಯಾವಾಗಲೋ ಹೊರಗಿನ ಲಿವರ್ ಹಾಕಿಸಿದ್ದರು. ಅಂಥ ಲಿವರಿನ ಮೂಗು ಉದ್ದವಿದ್ದರೆ ಬಿಟ್ಟಾಗಲೂ ಪಿಸ್ಟನ್ನನ್ನು ಒಂಚೂರು ಒತ್ತಿಕೊಂಡೇ ಇರುತ್ತದೆ, ರಂಧ್ರ ತೆರೆಯುವುದಿಲ್ಲ. ಮುಚ್ಚಳ ಬಿಚ್ಚಿ, ಲಿವರನ್ನು ಮೆಲ್ಲಗೆ ಹಿಡಿಯುತ್ತಾ ಟಾರ್ಚ್ ಬಿಟ್ಟು ನೋಡಿದೆ. ತಳದ ಸಣ್ಣ ರಂಧ್ರದಿಂದ ಎಳೆಯಂತೆ ಒಂದು ಅಲೆ ಎದ್ದಿತು. ರಂಧ್ರ ತೆರೆದೇ ಇತ್ತು. ಲಿವರಿನ ತುದಿಯಲ್ಲಿ ಫ್ರೀಪ್ಲೇ, ಅಂದರೆ ಪಿಸ್ಟನ್ನನ್ನು ತಾಗುವ ಮುಂಚಿನ ಸಡಿಲ, ಕೂಡ ಇತ್ತು. ಅನುಮಾನಕ್ಕೆ ಒಂದು ಗಂಟೆ ಹೋಯಿತು. ನಿಪ್ಪಲ್ ಸಡಿಲಿಸಿ ನೋಡಿದಾಗ ಚಕ್ರ ಕದಲಲಿಲ್ಲ, ಹಾಗೇ ಬಿಗಿಯಾಗಿತ್ತು. ಆ ಪರೀಕ್ಷೆಯನ್ನೇ ಮೊದಲು ಮಾಡಿದ್ದರೆ ಗಂಟೆ ಉಳಿಯುತ್ತಿತ್ತು. ಅಂದಿನಿಂದ ನನ್ನಲ್ಲಿ ಕ್ರಮ ಬದಲಾಗಿದೆ.

ಕ್ಯಾಲಿಪರ್ ಬಿಚ್ಚಿದಾಗ

ಈ ಗಾಡಿಯ ಕ್ಯಾಲಿಪರ್ ತೇಲುವ ಬಗೆಯದು. ಎರಡೂ ಪಿಸ್ಟನ್ನುಗಳು ಒಂದೇ ಕಡೆ ಇರುತ್ತವೆ. ಅವು ತಮ್ಮ ಕಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತವೆ, ಆ ಒತ್ತಿಗೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಎದುರುಗಡೆಯ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಈ ಬ್ರೇಕ್ ಅರ್ಧ ಬ್ರೇಕ್.

ಪ್ಯಾಡುಗಳನ್ನು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಹಾಕಿ ಎರಡು ತಿಂಗಳೂ ಆಗಿರದ ಪ್ಯಾಡುಗಳು. ಪಿಸ್ಟನ್ ಕಡೆಯದರಲ್ಲಿ ಉಳಿದದ್ದು ಒಂದು ತುದಿಗೆ 1.6, ಇನ್ನೊಂದು ತುದಿಗೆ 2.4 ಮಿ.ಮೀ. ಬೆಣೆಯ ಹಾಗೆ ಓರೆಯಾಗಿ ಸವೆದಿತ್ತು. ಎದುರುಗಡೆಯದು 3.7, ಹೆಚ್ಚುಕಡಿಮೆ ಹೊಸತರಂತೆಯೇ. ಪ್ಯಾಡ್ ಬದಲಾಯಿಸುವಾಗ ಹಳೆಯವನ್ನು ಡಬ್ಬಕ್ಕೆ ಎಸೆಯುವ ಮೊದಲು ಒಮ್ಮೆ ಹೀಗೆ ಜೋಡಿಸಿ ನೋಡಿದ್ದರೆ ಈ ಘಾಟಿಯ ಅಪಘಾತ ಆಗುತ್ತಲೇ ಇರಲಿಲ್ಲ. ಹಳೇ ಪ್ಯಾಡಿನಷ್ಟು ನಿಜ ಹೇಳುವ ವಸ್ತು ಬ್ರೇಕಿನಲ್ಲಿ ಮತ್ತೊಂದಿಲ್ಲ. ಗಿರಾಕಿಗಳಿಗೆ ನಾನು ಹೇಳುವುದೂ ಇದೇ: ಕೆಲಸ ಮಾಡಿಸಿದ ಮೇಲೆ ಹಳೇ ಪ್ಯಾಡುಗಳನ್ನು ಕೇಳಿ ಇಸಿದುಕೊಳ್ಳಿ.

ಪಿನ್ನುಗಳಿಗೆ ಕೈಹಾಕಿದೆ. ಮೇಲಿನದು ತುಕ್ಕು ಹಿಡಿದು ಕಂದಾಗಿತ್ತು, ಆದರೂ ತಿರುಗಿಸಿದರೆ ಬಂತು. ಕೆಳಗಿನದು ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಿರುಚಿ ಎಳೆದಾಗ ಸೀಸೆಯ ಬಿರಡೆ ಕಿತ್ತ ಹಾಗೆ ಪಟಕ್ಕನೆ ಹೊರಬಂತು. ಜೊತೆಗೆ ಬಂದ ರಬ್ಬರ್ ಬುಷ್ ಊದಿ, ಮೆತ್ತಗಾಗಿ, ಬೆರಳಿಗೆ ಅಂಟುತ್ತಿತ್ತು. ಮೇಲೆ ಹಳದಿ ಗ್ರೀಸ್. ಬೇರಿಂಗಿಗೆ, ಚಾಸಿಗೆ ಹಚ್ಚುವ ಸಾಮಾನ್ಯ ಗ್ರೀಸ್ ಅದು.

ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಚ್ಚಿದ್ದಾರೆ. ಪಿನ್ ಒಣಗಿದೆ, ಗ್ರೀಸ್ ಹಾಕೋಣ ಎಂದು. ಆದರೆ ಬ್ರೇಕಿನ ರಬ್ಬರ್ ಭಾಗಗಳು ಬ್ರೇಕ್ ಆಯಿಲ್ ತಡೆದುಕೊಳ್ಳುವಂತೆ ಮಾಡಿದವು. ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ತಾಗಿದರೆ ಆ ರಬ್ಬರ್ ಊದಿಕೊಳ್ಳುತ್ತದೆ. ನಂಬದವರಿಗೆ ತೋರಿಸಲು ನನ್ನಲ್ಲೊಂದು ಸಣ್ಣ ಪ್ರಯೋಗವಿದೆ. ಹಳೇ ಕ್ಯಾಲಿಪರಿನ ಒಂದು ಸೀಲನ್ನು ಎರಡು ತುಂಡು ಮಾಡಿ, ಒಂದನ್ನು ಬಾಟಲಿ ಮುಚ್ಚಳದಲ್ಲಿ ಬ್ರೇಕ್ ಆಯಿಲಿಗೆ, ಇನ್ನೊಂದನ್ನು ಪೆಟ್ರೋಲಿಗೆ ಹಾಕಿ ಮುಚ್ಚಿಡುತ್ತೇನೆ. ಮರುದಿನ ತೆಗೆದರೆ ಪೆಟ್ರೋಲಿನದು ಮಳೆ ನೀರಿನಲ್ಲಿ ನೆನೆದ ಕಡಲೆಯಂತೆ ಉಬ್ಬಿರುತ್ತದೆ, ಬ್ರೇಕ್ ಆಯಿಲಿನದು ನೋಡಲು ಹಾಗೇ ಇರುತ್ತದೆ. ಜೇನಿನ ಅಣ್ಣನಿಗೂ ತೋರಿಸಿದೆ. ಎರಡೂ ತುಂಡನ್ನು ಉಗುರಿನಲ್ಲಿ ಒತ್ತಿ ಒತ್ತಿ ನೋಡಿದರು, ಮಾತಾಡಲಿಲ್ಲ.

ಪಿಸ್ಟನ್ನಿನ ಕಡೆಯೂ ಹಾನಿಯಾಗಿತ್ತು. ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇರುವುದಿಲ್ಲ. ಸುತ್ತ ಕೂತ ಚೌಕ ಅಂಚಿನ ರಬ್ಬರ್ ಸೀಲೇ ಆ ಕೆಲಸ ಮಾಡಬೇಕು. ಬ್ರೇಕ್ ಹಿಡಿದಾಗ ಸೀಲಿನ ಒಳ ಅಂಚು ಪಿಸ್ಟನ್ನಿನ ಜೊತೆ ತುಸು ಮುಂದಕ್ಕೆ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಆ ಕೂದಲೆಳೆಯಷ್ಟು ಜಾಗದ ಮೇಲೆ ಇಡೀ ಬ್ರೇಕು ನಿಂತಿದೆ. ಇಲ್ಲಿ ಸೀಲ್ ಕೂರುವ ಅಲ್ಯೂಮಿನಿಯಂ ತೋಡಿನಲ್ಲಿ ಸುಣ್ಣದ ಪುಡಿಯಂಥ ಬಿಳಿ ತುಕ್ಕು ಕಟ್ಟಿ ಸೀಲನ್ನು ಪಿಸ್ಟನ್ನಿಗೆ ಒತ್ತಿ ಹಿಡಿದಿತ್ತು. ಬಾಗಿ ಮರಳಲು ಅದಕ್ಕೆ ಜಾಗವೇ ಇರಲಿಲ್ಲ.

ಎರಡನೇ ಸಲ ಪ್ಯಾಡ್ ಹಾಕಿದ ಮೇಲೆ ಯಾಕೆ ಜಾಸ್ತಿಯಾಯಿತು ಎಂಬುದಕ್ಕೂ ಉತ್ತರ ಇಲ್ಲೇ ಸಿಕ್ಕಿತು. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬಂದಿರುತ್ತದೆ. ಹೊರಗೆ ಬಂದ ಭಾಗಕ್ಕೆ ಕೆಸರು, ಪ್ಯಾಡಿನ ಕರಿ ಪುಡಿ ಅಂಟಿಕೊಂಡಿರುತ್ತದೆ. ಹೊಸ ದಪ್ಪ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಸ್ಕ್ರೂಡ್ರೈವರಿನಿಂದ ಹಾಗೇ ಒಳಕ್ಕೆ ಒತ್ತಿದರೆ ಆ ಹೊಲಸೆಲ್ಲ ಸೀಲಿನ ಬಾಯಿಗೆ ಹೋಗುತ್ತದೆ. ನಾಲ್ಕು ತಿಂಗಳಲ್ಲಿ ಎರಡು ಬಾರಿ ಹಾಗೆ ಆಗಿದೆ. ಪ್ಯಾಡ್ ಬದಲಿಸಿದ್ದೇ ರೋಗವನ್ನು ಬಲಪಡಿಸಿದೆ.

ಆಯಿಲಿನ ವಿಷಯ

ಕ್ಯಾಲಿಪರಿನಿಂದ ಇಳಿದ ಆಯಿಲ್ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಮೇಲೆ ಡಬ್ಬಿಯಲ್ಲಿದ್ದದ್ದು ಮಾತ್ರ ತಿಳಿಯಾಗಿತ್ತು. ಅಂದರೆ ಮೇಲಿಂದ ಹೊಸತು ಸುರಿದು, ಗುಳ್ಳೆ ನಿಲ್ಲುವವರೆಗೆ ನಾಲ್ಕು ಪಂಪ್ ಹೊಡೆದು ಬಿಟ್ಟಿದ್ದಾರೆ. ಶಾಖ ತಾಗುವ ಜಾಗದಲ್ಲಿ, ಪಿಸ್ಟನ್ನಿನ ಬೆನ್ನಿಗೆ, ಹಳೆಯದೇ ಉಳಿದಿದೆ.

ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಒಂದಾದ ಡಾಟ್ 4 ಆಯಿಲ್ ಹೊಸತಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು 3.7 ಪ್ರತಿಶತ ನೀರು ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಗಾಳಿಯ ತೇವವನ್ನು ಹೀರುವುದು ಈ ಆಯಿಲಿನ ಗುಣ. ಹೋಸಿನ ರಬ್ಬರಿನ ಮೂಲಕವೂ ತೇವ ನಿಧಾನಕ್ಕೆ ಒಳಗೆ ಹೋಗುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಹಪ್ಪಳ ಮೆತ್ತಗಾಗದಂತೆ ಕಾಪಾಡುವುದೇ ಕಷ್ಟ, ಆಯಿಲಿನ ಪಾಡು ಕೇಳಬೇಕೆ? ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತವೆ. ಮಲೆನಾಡಿನ ಗಾಡಿಗಳಿಗೆ ನಾನು ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಬದಲಿಸುತ್ತೇನೆ. ಇದು ನನ್ನ ಅಭಿಪ್ರಾಯ, ಆದರೆ ಬಲವಾದ ಅಭಿಪ್ರಾಯ.

ಅವರ ಸೀಟಿನ ಕೆಳಗೆ ಅರ್ಧ ಉಳಿದ ಆಯಿಲ್ ಬಾಟಲಿ ಸಿಕ್ಕಿತು. ಹಿಂದಿನ ಸಲದ್ದು, "ಬೇಕಾದೀತು" ಎಂದು ಇಟ್ಟುಕೊಂಡದ್ದು. ಮುಚ್ಚಳ ಸಡಿಲವಾಗಿತ್ತು. ಅದನ್ನು ಬಳಸಲಿಲ್ಲ. ಸೀಲ್ ಒಡೆದು ತಿಂಗಳಾದ ಬಾಟಲಿಯ ಆಯಿಲನ್ನು ಬ್ರೇಕಿಗೆ ಹಾಕಬೇಡಿ. ಸೀಲ್ ಇರುವ ಸಣ್ಣ ಬಾಟಲಿಯನ್ನೇ ಕೊಳ್ಳಿ.

ಕೆಲಸ

ಪಿಸ್ಟನ್ನುಗಳನ್ನು ಹೊರತರಲು ಗಾಳಿಯ ಪೈಪ್ ಹಿಡಿಯಲಿಲ್ಲ. ಕಂಪ್ರೆಸರಿನ ಗಾಳಿಗೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜಿದ್ದನ್ನು ನೋಡಿದ್ದೇನೆ. ಹೋಸ್ ಕಳಚುವ ಮೊದಲೇ, ಮರದ ತುಂಡು ಅಡ್ಡ ಇಟ್ಟು, ಲಿವರನ್ನು ಮೆಲ್ಲಗೆ ಹಿಡಿಯುತ್ತಾ ಆಯಿಲಿನ ಒತ್ತಡದಿಂದಲೇ ತಂದೆ. ಒಂದು ಸಲೀಸಾಗಿ ಬಂತು, ಇನ್ನೊಂದು ಕದಲಲಿಲ್ಲ. ಬಂದದ್ದನ್ನು ಕ್ಲ್ಯಾಂಪಿನಲ್ಲಿ ಹಿಡಿದು ಮತ್ತೆ ಪಂಪ್ ಮಾಡಿದಾಗ ಎರಡನೆಯದೂ ದಾರಿಗೆ ಬಂತು. ಪಿಸ್ಟನ್ನುಗಳ ಮೈ ಸೀಲ್ ಓಡಾಡುವ ಜಾಗದಲ್ಲಿ ನುಣುಪಾಗಿಯೇ ಇತ್ತು. ಅಲ್ಲಿ ಉಗುರಿಗೆ ಸಿಗುವ ಒಂದು ಕುಳಿ ಇದ್ದರೂ ಪಿಸ್ಟನ್ ಹೊಸತೇ ಹಾಕಬೇಕು. ಉಪ್ಪುಕಾಗದದಿಂದ ಉಜ್ಜಿ ಹಾಕುವುದು ಕೂಡದು.

ತೋಡಿನ ಬಿಳಿ ತುಕ್ಕನ್ನು ಬಿದಿರಿನ ಚೂಪು ಕಡ್ಡಿಯಿಂದ ಕೆರೆದು ತೆಗೆದೆ. ಕಬ್ಬಿಣದ ಮೊನೆ ತಾಗಿಸಿದರೆ ಗೀರು ಬಿದ್ದು ಅಲ್ಲಿಂದಲೇ ಸೋರುತ್ತದೆ. ಹೊಸ ಸೀಲ್ ಕಿಟ್, ಹೊಸ ಪಿನ್ ಬೂಟು (ಪಿನ್ ಮುಚ್ಚುವ ರಬ್ಬರ್ ಮುಸುಕು) ಮತ್ತು ಬುಷ್ ಹಾಕಿದೆ. ಸೀಲುಗಳಿಗೆ ಹೊಸ ಬ್ರೇಕ್ ಆಯಿಲ್ ಸವರಿದೆ, ಪಿನ್ನುಗಳಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಿದೆ. ಹೋಸನ್ನು ಜೋಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳನ್ನೂ ಬದಲಿಸಿದೆ. ಡಿಸ್ಕ್ ನೀಲಿಗಟ್ಟಿರಲಿಲ್ಲ. ಮೈಕ್ರೋಮೀಟರಿನಲ್ಲಿ 3.8 ಮಿ.ಮೀ. ಬಂತು, ಅದರ ಮೇಲೇ ಕೊರೆದಿರುವ ಕನಿಷ್ಠ ದಪ್ಪ 3.5. ಡಯಲ್ ಗೇಜಿನಲ್ಲಿ ಓಲಾಟ 0.12, ಈ ಗಾಡಿಯ ಮಿತಿ 0.3. ಆದ್ದರಿಂದ ಡಿಸ್ಕ್ ಉಳಿಸಿಕೊಂಡೆ. ಹಿಂದಿನ ಡ್ರಮ್ಮಿಗೆ ಹೊಸ ಲೈನರ್ ಹಾಕಿದೆ.

ಬ್ಲೀಡ್ ಮಾಡುವಾಗ ಬಣ್ಣ ತಿಳಿಯಾಗುವವರೆಗೂ ಆಯಿಲ್ ಹರಿಸಿದೆ. ಗಾಡಿ 2017ರದ್ದು. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ, ಹಾಗಾಗಿ ಇದರಲ್ಲಿ ಆ ಘಟಕವಿಲ್ಲ, ಕೆಲಸ ಸುಲಭ. ಆದರೂ ಸಂಜೆ ಲಿವರ್ ಒಂಚೂರು ಮೆತ್ತಗೇ ಇತ್ತು. ಮಾಸ್ಟರ್ ಸಿಲಿಂಡರಿನ ಹತ್ತಿರದ ಬ್ಯಾಂಜೋ ಬಾಗಿನಲ್ಲಿ ಸಣ್ಣ ಗುಳ್ಳೆಗಳು ನಿಂತಿರುತ್ತವೆ, ಕೆಳಗಿನ ನಿಪ್ಪಲಿಗೆ ಅವು ಇಳಿಯುವುದಿಲ್ಲ. ಹ್ಯಾಂಡಲನ್ನು ತಿರುಗಿಸಿ ಮಾಸ್ಟರ್ ಸಿಲಿಂಡರ್ ಎತ್ತರದಲ್ಲಿರುವಂತೆ ಮಾಡಿ, ಲಿವರನ್ನು ಹಳೇ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿ ಮನೆಗೆ ಹೋದೆ. ಬೆಳಿಗ್ಗೆ ಬಂದು ಕಟ್ಟು ಬಿಚ್ಚಿ, ಲಿವರಿಗೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಾಗ ಡಬ್ಬಿಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಐದಾರು ಎದ್ದವು. ಆಮೇಲೆ ಲಿವರ್ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಪೆಟ್ರೋಲ್ ಟ್ಯಾಂಕಿನ ಮೇಲೆ ಬಿದ್ದ ಒಂದೆರಡು ಹನಿ ಆಯಿಲನ್ನು ಆಗಲೇ ನೀರು ಹಾಕಿ ತೊಳೆದೆ. ಒರೆಸಿ ಬಿಟ್ಟರೆ ಬಣ್ಣ ಎದ್ದುಬರುತ್ತದೆ.

ಹೊಸ ಪ್ಯಾಡುಗಳನ್ನು ಒಗ್ಗಿಸಲು ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಇಳಿಸುತ್ತಾ ಇಪ್ಪತ್ತು ಇಪ್ಪತ್ತೈದು ಸಲ ಹದವಾಗಿ ಹಿಡಿದೆ. ಪೂರ್ತಿ ನಿಲ್ಲಿಸಿ ಹಿಡಿದುಕೊಂಡಿರಲಿಲ್ಲ, ನಡುನಡುವೆ ತಣಿಯಲು ಬಿಟ್ಟೆ.

ಮತ್ತೆ ಅದೇ ಘಾಟಿ

ಮೂರನೇ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಅವರ ಗಾಡಿಗೆ ಅದೇ ಎರಡು ಕ್ಯಾನ್ ಕಟ್ಟಿಸಿ, ಅವರೇ ಓಡಿಸಲಿ ಎಂದು ಹಿಂದೆ ನನ್ನ ಗಾಡಿಯಲ್ಲಿ ಹೊರಟೆ. ಆಗುಂಬೆಯಲ್ಲಿ ನಿಲ್ಲಿಸಿ ಡಿಸ್ಕ್ ನೋಡಿದರೆ 41 ಡಿಗ್ರಿ. ಇಳಿಯುವ ಮೊದಲು ಒಂದೇ ಮಾತು ಹೇಳಿದ್ದೆ: "ಅಣ್ಣಾ, ಎರಡನೇ ಗೇರಿಗೆ ಹಾಕಿ, ಇಂಜಿನ್ ಆಫ್ ಮಾಡಬೇಡಿ. ತಿರುವಿಗೆ ಮೊದಲು ಎರಡೂ ಬ್ರೇಕ್ ಒಟ್ಟಿಗೆ ಹಿಡಿದು, ವೇಗ ಇಳಿದ ಮೇಲೆ ಪೂರ್ತಿ ಬಿಟ್ಟುಬಿಡಿ. ಸವರಿಕೊಂಡೇ ಹೋಗಬೇಡಿ."

ಎಂಟನೇ ತಿರುವಿನಲ್ಲಿ ಅವರು ಗಾಡಿ ನಿಧಾನ ಮಾಡಿ ಗುಡ್ಡದ ಬದಿಯ ಚರಂಡಿಯನ್ನೊಮ್ಮೆ ನೋಡಿದರು, ಮತ್ತೆ ಮುಂದೆ ಹೋದರು. ಸೋಮೇಶ್ವರದಲ್ಲಿ ನಿಂತ ಕೂಡಲೇ ಥರ್ಮಾಮೀಟರ್ ಹಿಡಿದೆ. ಡಿಸ್ಕ್ 118, ಕ್ಯಾಲಿಪರಿನ ಮೈ 57. ಲಿವರ್ ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತಿತ್ತು. ನಿಂತ ಮೇಲೆ ಗಾಳಿಯಿಲ್ಲದೆ ಶಾಖ ಒಳಗೆ ಏರುವುದುಂಟು, ಹಾಗಾಗಿ ಹತ್ತು ನಿಮಿಷ ಕಾದು ಮತ್ತೆ ಹಿಡಿದು ನೋಡಿದೆ. ಬದಲಾಗಿರಲಿಲ್ಲ.

ಅವರಿಗೆ ಬರೆದು ಕೊಟ್ಟ ಚೀಟಿಯಲ್ಲಿ ಮೂರೇ ಸಾಲಿದ್ದವು. ಮಳೆಗೆ ಮೊದಲೊಮ್ಮೆ, ಮಳೆ ಕಳೆದ ಮೇಲೊಮ್ಮೆ ಪಿನ್ ಬಿಚ್ಚಿಸಿ ಶುಚಿ ಮಾಡಿಸುವುದು. ವಾಟರ್ ಸರ್ವಿಸ್ ಮಾಡಿಸುವಾಗ ಕ್ಯಾಲಿಪರಿಗೆ ಹತ್ತಿರದಿಂದ ಜೋರು ನೀರು ಹೊಡೆಯದಂತೆ ಹೇಳುವುದು, ಏಕೆಂದರೆ ಬೂಟಿನೊಳಗೆ ನೀರು ನುಗ್ಗಿದರೆ ಅಲ್ಲೇ ಕೂರುತ್ತದೆ. ಪ್ಯಾಡ್ ಬದಲಿಸುವವರು ಯಾರೇ ಆಗಲಿ, ಪಿಸ್ಟನ್ ಒಳಗೊತ್ತುವ ಮೊದಲು ಹೊರಬಂದ ಭಾಗವನ್ನು ಸೋಪು ನೀರು, ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಲು ಹೇಳುವುದು.

ದೀಪಾವಳಿಗೆ ವಾರವಿರುವಾಗ ತಾವಾಗಿಯೇ ಬಂದರು. ಚಕ್ರ ಎತ್ತಿ, ಲಿವರ್ ಹತ್ತು ಸಲ ಹಿಡಿದು ಬಿಟ್ಟು, ತಳ್ಳಿದೆ. ಎರಡು ಸುತ್ತಿಗೂ ಸ್ವಲ್ಪ ಹೆಚ್ಚೇ ಹೋಯಿತು. ಪ್ಯಾಡುಗಳು 3.4 ಮತ್ತು 3.5, ತುದಿಯಿಂದ ತುದಿಗೆ ಸಮ. ಕೆಳಗಿನ ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ, ಬೂಟಿನ ಗಾಳಿಗೆ ಮೆಲ್ಲಗೆ ಹೊರಗೆ ಬಂತು. "ಮೈಲೇಜೂ ಮೊದಲಿನ ಹಾಗೇ ಆಗಿದೆ ಮಾರಾಯ" ಎಂದು ಹೇಳಿ, ಸೀಟಿನ ಕೆಳಗಿಂದ ಸೀಲ್ ಒಡೆಯದ ಒಂದು ಸಣ್ಣ ಡಾಟ್ 4 ಬಾಟಲಿ ತೆಗೆದು ನನ್ನ ಕೈಗಿಟ್ಟರು.